ಪಾಳಿಯಲ್ಲಿಲ್ಲದ ಗವಿ

ನನ್ನ ಗಂಡ ತೀರಿಕೊಂಡ ತಿಂಗಳು ನಾನು ಗುಡ್ಡ ಹತ್ತಲಿಲ್ಲ. ಅದರಿಂದ ನಮ್ಮ ಮನೆಯ ಜಿಂಕೆ ಹೋಯಿತು. ಅಮಾವಾಸ್ಯೆ ಕಳೆದ ಮರುದಿನ ಹೋಗಿ ನೋಡಿದರೆ ಬಂಡೆ ಬರೀ ಬಂಡೆಯಾಗಿತ್ತು, ಒದ್ದೆ ಬಟ್ಟೆಯಿಂದ ಒರೆಸಿದ ಪಾಟಿಯ ಹಾಗೆ.

ನಮ್ಮೂರಿನಲ್ಲಿ ಇದು ಯಾರಿಗೂ ಹೊಸದಲ್ಲ. ಗುಡ್ಡದ ಬಂಡೆಗಳ ಮೇಲೆ ಯಾವ ಕಾಲದವರೋ ಕೆಮ್ಮಣ್ಣಿನಲ್ಲಿ ಬರೆದ ಚಿತ್ರಗಳಿವೆ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯೊಳಗೆ ಅವನ್ನು ಒಬ್ಬರಾದರೂ ಕಣ್ಣಾರೆ ನೋಡಬೇಕು. ನೋಡದ ಚಿತ್ರ ಉಳಿಯುವುದಿಲ್ಲ. ಅದಕ್ಕೇ ಮನೆಗೊಂದು ಚಿತ್ರವೆಂದು ಪಾಳಿ. ಗೂಳಿಯವರು, ನವಿಲಿನವರು, ಬಿಲ್ಲಿನವರು ಎಂದೇ ಮನೆತನಗಳ ಹೆಸರು. ಹೆಣ್ಣು ಕೇಳಲು ಬಂದವರು ಮೊದಲು ಕೇಳುವುದು, "ನಿಮ್ಮದು ಯಾವ ಚಿತ್ರರೀ?" ಎಂದು. ಪರವೂರಿಗೆ ಹೋಗುವವರು ಪಕ್ಕದ ಮನೆಯವರ ಕೈಗೆ ಕೀಲಿ ಕೊಟ್ಟು, "ನಮ್ಮ ಆನೀನೂ ಒಂದೀಟು ನೋಡ್ರಿ" ಎಂದು ಹೇಳಿ ಬಸ್ಸು ಹತ್ತುತ್ತಾರೆ.

ನನಗೋಸ್ಕರ ಆ ತಿಂಗಳು ಯಾರೂ ನೋಡಲಿಲ್ಲ. ಸೂತಕದ ಮನೆಯ ಚಿತ್ರ ನೋಡಬಾರದು ಎಂದರು ಕೆಲವರು. ಮರೆತೆವು ಎಂದರು ಉಳಿದವರು. ಪಾಳಿ ಪುಸ್ತಕ ಬರೆಯುವ ರಾಚಪ್ಪ ಮಾಸ್ತರರು ನನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಅವರು ನನಗೆ ಅಕ್ಷರ ಕಲಿಸಿದವರು. ಆದರೂ ಎಳೆದರು. ಅಂದಿನಿಂದ ಊರಿಗೆ ನಾನು ಖಾಲಿ ಕಲ್ಲಿನ ಕಾಶವ್ವ. ಹೊಲಿಗೆ ಮಷಿನ್ ತುಳಿಯುತ್ತ ಆರು ವರ್ಷ ಕಳೆದೆ. ರವಿಕೆ ಹೊಲಿಸಿಕೊಳ್ಳಲು ಬಂದ ಹೆಂಗಸರು ತಮ್ಮ ತಮ್ಮ ಚಿತ್ರದ ಸುದ್ದಿ ಹೇಳುವಾಗ ನಾನು ಸೂಜಿಗೆ ದಾರ ಪೋಣಿಸುತ್ತ ಕೂರುತ್ತಿದ್ದೆ.

ಹೋದ ಮಾಗಿಯಲ್ಲಿ ಪುರಾತತ್ವದವರ ಜೀಪು ಬಂತು. ಅಂಬುಜಾಕ್ಷಿ ಮೇಡಂ ಎಂಬ ಐವತ್ತರ ಹೆಂಗಸು, ಜೊತೆಗೆ ಇಬ್ಬರು ವಿದ್ಯಾರ್ಥಿನಿಯರು. ಗುಡ್ಡದ ಎಲ್ಲ ಚಿತ್ರಗಳನ್ನೂ ದಾಖಲೆ ಮಾಡಬೇಕು, ಮೂರು ವಾರದ ಕೆಲಸ, ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ಪಂಚಾಯಿತಿ ಗೋಡೆಗೆ ಚೀಟಿ ಅಂಟಿಸಿದರು. ಮಾರನೆಯ ಬೆಳಿಗ್ಗೆ ನಾನು ಟೇಪು ಕೊರಳಿಗೆ ಹಾಕಿಕೊಂಡು ಹೋಗಿ ನಿಂತೆ.

"ಏನು ಕೆಲಸ ಬರುತ್ತಮ್ಮಾ ನಿಮಗೆ?" ಮೇಡಂ ಕೇಳಿದರು.

"ಅಳತಿ ಮಾಡೋದು ಬರ್ತದ್ರಿ. ಅಳದದ್ದು ಹಾಳ್ಯಾಗ ಬರಿಯೋದು ಬರ್ತದ."

ಅವರು ಒಂದು ಗ್ರಾಫ್ ಹಾಳೆ ಕೊಟ್ಟು, ಎದುರಿಗಿದ್ದ ಗೂಳಿಯನ್ನು ತೋರಿಸಿದರು. ಕೊಂಬಿನಿಂದ ಬಾಲದವರೆಗೆ, ಬೆನ್ನಿನಿಂದ ಗೊರಸಿನವರೆಗೆ ದೂರದಿಂದಲೇ ದಾರ ಹಿಡಿದು ಅಳತೆ ತೆಗೆದು ಚುಕ್ಕೆ ಇಟ್ಟು ಗೆರೆ ಎಳೆದೆ. ರವಿಕೆ ಕತ್ತರಿಸುವ ಮುನ್ನ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮಾಡುವುದೂ ಅದೇ ಅಲ್ಲವೆ. ಮೇಡಂ ಹಾಳೆಯನ್ನು ಎರಡು ಸಲ ನೋಡಿ, "ನಾಳೆಯಿಂದ ಏಳು ಗಂಟೆಗೆ ಬನ್ನಿ. ಟೋಪಿ ಇದ್ದರೆ ತನ್ನಿ" ಎಂದರು. ನನ್ನ ಬಳಿ ಟೋಪಿ ಇರಲಿಲ್ಲ. ರಾತ್ರಿ ಊಟಕ್ಕೆ ಮುಂಚೆ ಲಂಗದ ಹಳೆಯ ಬಟ್ಟೆಯಲ್ಲಿ ಒಂದನ್ನು ಹೊಲಿದುಕೊಂಡೆ.

ಕೆಲಸ ಕಲಿತೆ. ಚಿತ್ರದ ಪಕ್ಕ ಅಳತೆ ಪಟ್ಟಿ ಹಿಡಿಯುವುದು, ಬಂಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಬರೆಯುವುದು, ಬಣ್ಣ ಎದ್ದು ಕಾಣಲಿ ಎಂದು ನೀರು ಚಿಮುಕಿಸುವವರನ್ನು ತಡೆಯುವುದು. ನಾವು ಬರೆಯುತ್ತ ಕೂತಿದ್ದರೆ ಮನೆಮನೆಯವರು ಬಂದು, "ಸರೀರಿ ಒಂದೀಟು, ನಮ್ಮ ನವಿಲ ನೋಡಬೇಕು" ಎಂದು ನಿಲ್ಲುತ್ತಿದ್ದರು. ಮೇಡಂ ಸರಿದು ಕೊಡುತ್ತಿದ್ದರು. ಊರಿನ ನಿಯಮ ಹೇಳಿದಾಗ ಅವರು ನಗಲಿಲ್ಲ. "ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ ಕಾಶವ್ವ" ಎಂದರು ಅಷ್ಟೆ. ಇದ್ದ ಕೊನೆಯ ಕಾಲಂ ಎಂದರೆ 'ಸ್ಥಳೀಯ ಪಾಲಕರ ಹೆಸರು' ಎಂಬುದು. ಪಾಳಿ ಪುಸ್ತಕ ನೋಡಿ ಅದನ್ನು ತುಂಬುವ ಕೆಲಸವನ್ನು ನನಗೇ ಕೊಟ್ಟರು.

ಎರಡು ವಾರದಲ್ಲಿ ದೊಡ್ಡ ಗುಡ್ಡ ಮುಗಿಯಿತು. ಉಳಿದದ್ದು ಊರಿನ ತೆಂಕಣಕ್ಕಿರುವ ಬೋಳುಗುಡ್ಡ. ಅಲ್ಲಿ ಚಿತ್ರಗಳಿಲ್ಲ ಎಂಬುದು ಊರಿಗೆಲ್ಲ ಗೊತ್ತು, ಪಾಳಿ ಪುಸ್ತಕದಲ್ಲಿ ಅದರ ಹೆಸರೇ ಇಲ್ಲ. ಪಡುವಣದ ಬದಿಯಲ್ಲಿ ಆಗಲೇ ಕಲ್ಲಿನ ಕ್ವಾರಿ ನಡೆಯುತ್ತಿತ್ತು. ಇಡೀ ಗುಡ್ಡವನ್ನು ಕ್ವಾರಿಗೆ ಕೊಡಬೇಕೆ ಬೇಡವೆ ಎಂದು ತೀರ್ಮಾನಿಸಲು ಸೋಮವಾರ ತಾಲ್ಲೂಕಿನಿಂದ ಸಾಹೇಬರು ಬರುವವರಿದ್ದರು. ಮೇಡಂ ಫಾರಂ ತೆಗೆದು 'ಚಿತ್ರಗಳಿಲ್ಲ' ಎಂದು ಬರೆಯಹೊರಟರು.

"ನೋಡದೇ ಇಲ್ಲ ಅಂತ ಹ್ಯಾಂಗ ಬರೀತೀರಿ?" ಎಂದೆ.

"ಊರಿನವರೇ ಹೇಳ್ತಿದಾರಲ್ಲ."

"ಊರಿನವರು ನೋಡಿದ್ದು ಹೇಳಿದ್ರ ನಂಬಬೇಕ್ರಿ. ನೋಡಿಲ್ಲ ಅಂದ್ರ ಅದು ಇಲ್ಲ ಅನ್ನೋದಕ್ಕ ಸಾಕ್ಷಿ ಆಗ್ತದೇನು?"

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಎರಡು ದಿನ ಬೋಳುಗುಡ್ಡದ ಬುಡವೆಲ್ಲ ಅಲೆದೆವು. ನನ್ನ ಬಲ ಮೊಣಕಾಲು ಊದಿಕೊಂಡಿತು. "ನೀವು ಇಲ್ಲೇ ಕೂತಿರಿ" ಎಂದರು ಮೇಡಂ. ಕೂತರೆ ಮತ್ತೆ ಏಳಲಾರೆ ಎಂದು ಗೊತ್ತಿದ್ದುದರಿಂದ ನಿಂತೇ ನೀರು ಕುಡಿದೆ. ಮೂರನೆಯ ದಿನ, ಮೂಡಣದ ಬದಿಯಲ್ಲಿ ಒಂದು ಕಡಿದಾದ ಬಂಡೆಯಲ್ಲಿ ಅಂಗೈಯಗಲದ ತಗ್ಗುಗಳು ಕಂಡವು. ಒಂದರ ಮೇಲೊಂದು, ಎಡಕ್ಕೊಂದು ಬಲಕ್ಕೊಂದು. ಉಳಿಯಿಂದ ಕಡೆದ ಕಾಲ್ತಗ್ಗುಗಳು. ಅಂಚುಗಳು ಸವೆದು ನುಣುಪಾಗಿದ್ದವು. ಒಂದೆರಡು ವರ್ಷದ ಸವೆತವಲ್ಲ ಅದು.

ಸೀರೆಯನ್ನು ಕಚ್ಚೆ ಹಾಕಿ ನಾನೇ ಮೊದಲು ಹತ್ತಿದೆ. ಮೇಲೆ ಬಂಡೆಯ ಹೊಟ್ಟೆಯೊಳಗೆ ಹತ್ತು ಜನ ಕೂರುವಷ್ಟು ಗವಿ. ಹಿಂದಿನ ಗೋಡೆಯ ತುಂಬ ಚಿತ್ರಗಳು. ಒಂದು ಭಾರಿ ಚಪ್ಪಡಿಯನ್ನು ಜನ ಹಗ್ಗ ಕಟ್ಟಿ ಎಳೆಯುತ್ತಿದ್ದಾರೆ. ಕೆಳಗೆ ಹೆಂಗಸರ ಸಾಲು, ತಲೆಯ ಮೇಲೆ ಬುಟ್ಟಿ. ಒಬ್ಬಳ ಸೊಂಟದ ಮೇಲೆ ಕೂಸು. ಬಣ್ಣ ಎಷ್ಟು ಗಟ್ಟಿಯಾಗಿತ್ತೆಂದರೆ ನಮ್ಮ ಗೂಳಿ, ನವಿಲುಗಳೆಲ್ಲ ಅದರ ಮುಂದೆ ಮಂಕು. ಮೇಡಂ ಹಿಂದಿನಿಂದ ಬಂದು ಗೋಡೆ ನೋಡಿದರು. "ಇಪ್ಪತ್ತೈದು ವರ್ಷದಲ್ಲಿ ಇಂಥದ್ದು ನೋಡಿಲ್ಲ" ಎಂದರು.

ನನ್ನ ತಲೆಯಲ್ಲಿ ಓಡುತ್ತಿದ್ದುದೇ ಬೇರೆ. ಇವು ಉಳಿದಿವೆ. ಉಳಿದಿವೆ ಎಂದರೆ ಯಾರೋ ನೋಡುತ್ತಿದ್ದಾರೆ, ತಿಂಗಳು ತಪ್ಪದೆ, ನಮಗೆ ಯಾರಿಗೂ ಹೇಳದೆ. ಕಲ್ಲಿಗೆ ಹೀಗೆ ಉಳಿ ಹಿಡಿಯಬಲ್ಲವರು ನಮ್ಮೂರಿನಲ್ಲಿ ಒಂದೇ ಓಣಿಯವರು.

ಕಲ್ಲು ಒಡೆಯುವವರ ಓಣಿ ಊರಿನ ಹೊರಗೆ, ಕ್ವಾರಿಯ ಹಾದಿಯಲ್ಲಿದೆ. ಆ ಮನೆಗಳಿಗೆ ಪಾಳಿಯಿಲ್ಲ. ಅವರ ಕಣ್ಣು ಬಿದ್ದರೆ ಚಿತ್ರ ಒಡೆಯುತ್ತದೆ ಎಂದು ಅಜ್ಜ ಮುತ್ತಜ್ಜರ ಕಾಲದಿಂದ ಹೇಳಿಕೊಂಡು ಬಂದ ಮಾತು. ನಾನೂ ಅದನ್ನು ಕೇಳಿಕೊಂಡೇ ಬೆಳೆದವಳು. ನನ್ನ ಹೆಸರಿನ ಮೇಲೆ ಗೆರೆ ಬೀಳುವವರೆಗೆ ಅದು ತಪ್ಪು ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಓಣಿಯ ಹಿರಿಯಳು ಹುಲಿಗೆವ್ವ. ಎಪ್ಪತ್ತು ದಾಟಿದವಳು, ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಾನು ಗವಿಯ ಮಾತೆತ್ತಿದ ಕೂಡಲೇ ಮೊರದ ಸದ್ದು ಜೋರಾಯಿತು.

"ನಮಗೆಲ್ಲಿ ಚಿತ್ರ ಯವ್ವಾ. ನಿಮ್ಮ ಪುಸ್ತಕದಾಗ ನಮ್ಮ ಹೆಸರ ಐತೇನು?"

"ಇಲ್ಲ."

"ಮತ್ತ? ಹೋಗು, ಬಿಸಲೇರ್ತದ."

ನಾನು ಹೋಗಲಿಲ್ಲ. ಚೀಲದಿಂದ ಗವಿಯ ನಕ್ಷೆ ತೆಗೆದು ಅವಳ ಮುಂದೆ ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೂ ಕಲ್ಲಿಟ್ಟೆ. ನಲವತ್ತೊಂದು ಆಕೃತಿಗಳು, ಒಂದೊಂದೂ ಅಳತೆ ಹಿಡಿದು ಬರೆದದ್ದು. ಅವಳು ನೋಡಬಾರದೆಂದು ಮುಖ ತಿರುಗಿಸಿದಳು, ಆಮೇಲೆ ನೋಡಿದಳು. ಮೊರ ನಿಂತಿತು. ಗಂಟುಗಂಟಾದ ಬೆರಳು ಹೆಂಗಸರ ಸಾಲಿನ ಮೇಲೆ ಮೆಲ್ಲಗೆ ಸರಿಯಿತು, ಸಾಲಿನ ತುದಿಯಲ್ಲಿ ತಡೆದು ನಿಂತಿತು.

"ಇಲ್ಲೆ ಒಬ್ಬಾಕೀನ ಬಿಟ್ಟೀದಿ."

ತಾನು ಏನು ಅಂದುಬಿಟ್ಟೆನೆಂದು ಅವಳಿಗೇ ತಿಳಿಯಿತು. ಮೊರ ಪಕ್ಕಕ್ಕಿಟ್ಟಳು.

"ಬಿರುಕಿನ್ಯಾಗ ಅದಾಳ ಆಕಿ. ಅರ್ಧ ಮುಖ ಅಷ್ಟ ಕಾಣತದ. ಬಲಕ್ಕ ಬಾಗಿ ನೋಡಬೇಕು. ನಮ್ಮತ್ತಿ ತೋರಿಸಿದ್ಲು ನನಗ. ಆಕೀಗೆ ಆಕಿ ಅತ್ತಿ." ನಕ್ಷೆಯಿಂದ ಬೆರಳು ತೆಗೆದು ಹೇಳಿದಳು: "ನೀವು ನಿಮ್ಮ ಗುಡ್ಡದಾಗ ನಮ್ಮನ್ನ ಬಿಟ್ಟುಕೊಳ್ಳಲಿಲ್ಲ. ನಾವು ನಮ್ಮದು ಹುಡಿಕ್ಕೊಂಡ್ವಿ. ಗೊತ್ತಾದ್ರ ಅದನ್ನೂ ಕಸಗೋತೀರಿ ಅಂತ ಬಾಯಿ ಬಿಡಲಿಲ್ಲ."

"ಈಗ ಹೇಳಲಿಲ್ಲಂದ್ರ ಗುಡ್ಡನ ಹೋಗ್ತದ ಅವ್ವಾ. ಸೋಮವಾರ ತೀರ್ಮಾನ."

"ಹೇಳಿದ್ರ ನಮ್ಮ ಕೈ ತಪ್ಪತಾವ, ಹೇಳದಿದ್ರ ಕ್ವಾರಿಗೆ ಹೋಗ್ತಾವ. ನನ್ನ ಮಕ್ಕಳು ದುಡಿಯೋದೂ ಅದ ಕ್ವಾರ್ಯಾಗ. ನಾ ಯಾವ ಬಾಯಿಲೆ ಹೇಳಲಿ?"

"ನೀ ಹೇಳೋತನ ನಿನ್ನ ಹೆಸರ ನನ್ನ ಬಾಯಾಗ ಬರಂಗಿಲ್ಲ" ಎಂದಷ್ಟೇ ಮಾತು ಕೊಟ್ಟು ಎದ್ದೆ. ಅದೇ ಮಧ್ಯಾಹ್ನ ಮತ್ತೆ ಗವಿಗೆ ಹತ್ತಿ ಬಲಕ್ಕೆ ಬಾಗಿ ನೋಡಿದೆವು. ಬಿರುಕಿನೊಳಗೆ ಅವಳಿದ್ದಳು, ನಲವತ್ತೆರಡನೆಯವಳು. ಮೇಡಂ ನನ್ನ ಮುಖ ನೋಡಿದರು. ಯಾರು ಹೇಳಿದರೆಂದು ಕೇಳಲಿಲ್ಲ.

ಗವಿಯ ಸುದ್ದಿ ಒಂದೇ ದಿನದಲ್ಲಿ ಊರೆಲ್ಲ ಹಬ್ಬಿತು. ಕ್ವಾರಿಯ ಮೇಸ್ತ್ರಿ, ಅವೆಲ್ಲ ಜೀಪಿನವರೇ ಬರೆದ ಹೊಸ ಚಿತ್ರಗಳು ಎಂದು ಚಹಾದಂಗಡಿಯಲ್ಲಿ ಸಾರಿದ. ಹಳೆಯವೆಂದು ಪರೀಕ್ಷೆಯಿಂದ ತೋರಿಸಲು ಆರು ತಿಂಗಳು ಬೇಕು ಎಂದರು ಮೇಡಂ. ಸೋಮವಾರಕ್ಕೆ ಊರಿನ ಸಾಕ್ಷಿಯೊಂದೇ ದಾರಿ. ಭಾನುವಾರ ಬೆಳಿಗ್ಗೆ ರಾಚಪ್ಪ ಮಾಸ್ತರರು ಪಾಳಿ ಪುಸ್ತಕವನ್ನು ಕಂಕುಳಲ್ಲಿ ಹಿಡಿದು ನನ್ನ ಮನೆಗೇ ಬಂದರು. ಆರು ವರ್ಷದಲ್ಲಿ ಅವರು ನನ್ನ ಹೊಸ್ತಿಲು ತುಳಿದದ್ದು ಅದೇ ಮೊದಲು. ಮೇಡಂ ಕೂಡ ಅಲ್ಲೇ ಇದ್ದರು. ನಕ್ಷೆಗಳನ್ನು ಒಟ್ಟಿಗೆ ಜೋಡಿಸುತ್ತಿದ್ದೆವು.

"ಕಾಶಿ, ಆ ಗವಿ ನಿನ್ನ ಪಾಳಿಗೆ ಬರೀತೀನಿ" ಎಂದರು. ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಕಾಶಿ ಎಂದರು. "ನಿನ್ನ ಗಂಡನ ಮನಿಯವರು ಮೊದಲಿಂದ ನೋಡಿಕೋತ ಬಂದಾರ, ಬರಿಯೋದು ಬಿಟ್ಟುಹೋಗಿತ್ತು ಅಂತ ನಾಳೆ ಸಾಹೇಬರ ಮುಂದ ನಾನ ಹೇಳ್ತೀನಿ. ನನ್ನ ಮಾತು ಯಾರೂ ತಗದುಹಾಕಂಗಿಲ್ಲ. ಗುಡ್ಡಾನೂ ಉಳೀತದ, ನಿನ್ನ ಮ್ಯಾಲಿನ ಗೆರೀನೂ ಹೋಗ್ತದ."

ನಾನು ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ನಲವತ್ತೆರಡು ಚಿತ್ರ. ಊರಿನ ಯಾವ ಮನೆಗೂ ಇಲ್ಲದಷ್ಟು.

"ನೋಡಿಕೋತ ಬಂದವರು ಬ್ಯಾರೆ ಅದಾರ್ರಿ ಮಾಸ್ತರ."

"ಯಾರು ಅಂತ ನನಗ ಗೊತ್ತಿಲ್ಲೇನು? ಉಳಿ ಗುರುತು ಓದಾಕ ನನಗೂ ಬರ್ತದ." ಅವರ ದನಿ ತಗ್ಗಿತು. "ಅದನ್ನ ಊರು ಒಪ್ಪಂಗಿಲ್ಲವ್ವ. ನೂರಾರು ವರ್ಷದ ಮಾತು ಸುಳ್ಳು ಅಂತ ಆಗ್ತದ."

"ಅದು ಸುಳ್ಳ ಅದ ಅಲ್ರಿ. ಅವರ ಕಣ್ಣು ಬಿದ್ದ ಚಿತ್ರ ಒಡದಿಲ್ಲ. ನಮ್ಮವಕ್ಕಿಂತ ಚಲೋ ಅದಾವ."

ಮೇಡಂ ನಡುವೆ ಬಂದರು. "ಕಾಶವ್ವ, ಯೋಚನೆ ಮಾಡಿ. ಮೊದಲು ಗುಡ್ಡ ಉಳೀಲಿ. ಹೆಸರು ಆಮೇಲೆ ಸರಿ ಮಾಡಬಹುದು, ಅಲ್ವಾ?"

"ಮೇಡಂ, ಅಳತಿ ಒಬ್ಬಾಕಿದು, ರವಿಕಿ ಇನ್ನೊಬ್ಬಾಕಿದು ಆದ್ರ ಯಾರ ಮೈಗೆ ಬರ್ತದ್ರಿ?" ಎಂದೆ. ಮಾಸ್ತರರ ಕಡೆ ತಿರುಗಿದೆ. "ನೀವು ಹೇಳಿದಂಗ ಮಾಡಿದ್ರ ಚಿತ್ರ ಉಳೀತಾವ್ರಿ, ನೋಡಿದವರು ಅಳಿಸಿಹೋಗ್ತಾರ. ನನಗ ಗೊತ್ತದ ಅದು ಹ್ಯಾಂಗಿರ್ತದಂತ. ಆ ಕಾಲಂ ಖಾಲಿ ಇರಲಿ. ಬ್ಯಾರೆ ಹೆಸರ ನಾ ಬರಿಯಂಗಿಲ್ಲ."

ಮಾಸ್ತರರು ಪುಸ್ತಕ ಎತ್ತಿಕೊಂಡು ಹೋದರು. ಮೇಡಂ ಆ ದಿನವೆಲ್ಲ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಸಂಜೆಯಾಗುವ ಮುನ್ನ ನಾನು ಹುಲಿಗೆವ್ವನ ಅಂಗಳಕ್ಕೆ ಹೋಗಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಬಾ ಎಂದು ಕರೆಯಲಿಲ್ಲ. ಕರೆಯುವ ಹಕ್ಕು ನನಗೆಲ್ಲಿತ್ತು. ಅವಳು ಕೇಳಿಸಿಕೊಂಡು, "ಹಂಗಾದ್ರ ನಿನಗ ಕೊಡತೀನಂದ್ರು, ನೀ ಬ್ಯಾಡಂದಿ" ಎಂದಳು. "ಹೌದು" ಎಂದೆ. "ಹುಚ್ಚಿ ಅದಿ" ಎಂದು ಒಳಗೆ ಹೋದಳು.

ಸೋಮವಾರ ಹನ್ನೊಂದಕ್ಕೆ ಸಭೆ. ಪಂಚಾಯಿತಿ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮೇಡಂ ನಕ್ಷೆಗಳನ್ನು ಬಿಡಿಸಿ ಗವಿಯ ವಿಷಯ ವಿವರಿಸಿದರು. ಮೇಸ್ತ್ರಿ ಎದ್ದು, "ಸಾಹೇಬ್ರ, ಈ ಊರಾಗ ನೋಡದ ಚಿತ್ರ ಉಳಿಯಂಗಿಲ್ಲ. ಇದನ್ನ ಯಾರೂ ನೋಡಿಲ್ಲ, ಪಾಳಿ ಪುಸ್ತಕದಾಗ ಇಲ್ಲ. ಅಂದ ಮ್ಯಾಲ ಹೋದ ವಾರ ಬರದದ್ದು" ಎಂದ. ಊರಿನ ನಿಯಮವನ್ನೇ ಊರಿನ ಮೇಲೆ ತಿರುಗಿಸಿದ್ದ. ಸಾಹೇಬರು ಫಾರಂ ಕೈಗೆತ್ತಿಕೊಂಡು ಕೊನೆಯ ಕಾಲಂ ನೋಡಿದರು.

"ಇದು ಯಾಕೆ ಖಾಲಿ?"

ನಾನು ಎದ್ದು ನಿಂತೆ. "ನೋಡಿಕೋತ ಬಂದವರು ಅದಾರ್ರಿ. ಹೆಸರ ನನಗ ಗೊತ್ತದ. ನಾ ಹೇಳಾಂಗಿಲ್ಲ."

ಜನ ನಕ್ಕರು. ಖಾಲಿ ಕಲ್ಲಿನವಳಿಗೆ ಖಾಲಿ ಕಾಲಂ ಎಂದು ಯಾರೋ ಅಂದರು. ನನ್ನ ಮೊಣಕಾಲು ಸಿಡಿಯುತ್ತಿತ್ತು, ಆದರೂ ಕೂರಲಿಲ್ಲ. ಸಾಹೇಬರು ಪೆನ್ನು ತೆಗೆದರು.

"ನಾ ಹೇಳ್ತೀನಿ" ಎಂಬ ದನಿ ಶಾಮಿಯಾನದ ಹೊರಗಿನಿಂದ ಬಂತು. ಹುಲಿಗೆವ್ವ ಬಿಸಿಲಲ್ಲಿ ನಿಂತಿದ್ದಳು, ತಲೆಯ ಮೇಲೆ ಸೆರಗು. ಅವಳ ಹಿಂದೆ ಓಣಿಯ ಹತ್ತು ಹನ್ನೆರಡು ಹೆಂಗಸರು, ಕ್ವಾರಿಯ ದೂಳು ಮೆತ್ತಿದ ಇಬ್ಬರು ಗಂಡುಮಕ್ಕಳು. ಅವಳು ಒಳಗೆ ಬಂದು, ಮೇಜಿನ ಮೇಲಿದ್ದ ನಕ್ಷೆಗೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ನಿಂತಳು.

"ಎಡಗಡಿಯಿಂದ ಹೇಳ್ತೀನಿ. ಮೊದಲ ನಾಯಿ, ಬಾಲ ಮ್ಯಾಲ ಮಾಡೇದ. ಅದರ ಹಿಂದ ಇಬ್ಬರು ಗಂಡಸರು, ಒಬ್ಬನ ಕೈಯಾಗ ಕೋಲು. ಆಮ್ಯಾಲ ಹಗ್ಗ ಹಿಡದವರು ಒಂಬತ್ತು ಮಂದಿ, ಏಳನೆಯವ ಕುಂಟ, ಕಾಲು ಸಣ್ಣದು..."

ಮೇಡಂ ನಕ್ಷೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ಗುರುತು ಹಾಕುತ್ತ ಹೋದರು. ನಗು ನಿಂತಿತು. ಮುಂದಿನ ಸಾಲಿನಲ್ಲಿದ್ದ ರಾಚಪ್ಪ ಮಾಸ್ತರರು ಎದ್ದು ಬಂದು ನಕ್ಷೆಯ ಮೇಲೆ ಬಾಗಿದರು. ನಲವತ್ತು ವರ್ಷ ಮಕ್ಕಳನ್ನು ಪರೀಕ್ಷೆ ಮಾಡಿದವರು. ಅಡ್ಡ ಪ್ರಶ್ನೆ ಕೇಳದೆ ಇರಲಾರರು.

"ಕೂಸು ಯಾರ ಹಂತೇಲಿ ಅದ?"

"ಬುಟ್ಟಿ ಹೊತ್ತ ನಾಕನೆಯಾಕಿ ಸೊಂಟದ ಮ್ಯಾಲ. ಎಡ ಸೊಂಟ."

"ಚಪ್ಪಡಿ ಮ್ಯಾಲ ಏನದ?"

"ಏನಿಲ್ರಿ. ಒಂದು ಕಡ್ಡಿ ಗೀರಿದ್ದು ಅದ, ಹಕ್ಕಿ ಅಂತಿದ್ಲು ನಮ್ಮತ್ತಿ. ನನಗ ಹಕ್ಕಿ ಅನಿಸಿಲ್ಲ."

ನಲವತ್ತೊಂದು ಮುಗಿಯಿತು. ಹುಲಿಗೆವ್ವ ಹಿಂದಕ್ಕೆ ತಿರುಗಿ ತನ್ನವರ ಕಡೆ ನೋಡಿದಳು. ಹಿಂದೆ ನಿಂತಿದ್ದ ಸೊಸೆ, "ಬಿರುಕಿನಾಕಿ" ಎಂದಳು. ಅವಳ ಪಕ್ಕದವಳು, "ಅರ್ಧ ಮುಖದಾಕಿ" ಎಂದಳು. ಹುಲಿಗೆವ್ವನ ಹಿರಿಯ ಮಗ, ಕ್ವಾರಿಯಲ್ಲಿ ಸುತ್ತಿಗೆ ಹಿಡಿಯುವವನು, ಮೇಸ್ತ್ರಿಯ ಎದುರಿಗೇ ನಿಂತು ಹೇಳಿದ: "ಬಲಕ್ಕ ಬಾಗಿ ನೋಡಬೇಕ್ರಿ. ನಾವೆಲ್ಲಾ ನೋಡೇವಿ."

ಮಾಸ್ತರರು ಕನ್ನಡಕ ತೆಗೆದರು, ಪಂಚೆಯ ಅಂಚಿನಲ್ಲಿ ಒರೆಸಿದರು, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಸಾಹೇಬರಿಗೆ ಹೇಳಿದರು: "ಇವರೇ ನೋಡಿದವರು. ಪುಸ್ತಕದಾಗ ಇಲ್ಲದ್ದು ಪುಸ್ತಕದ ತಪ್ಪು."

ಗುಡ್ಡವೆಲ್ಲ ಉಳಿಯಿತು ಎನ್ನಲಾರೆ. ಗವಿಯಿರುವ ಮೂಡಣ ಬದಿಯನ್ನು, ಸುತ್ತ ಇನ್ನೂರು ಹೆಜ್ಜೆ ನೆಲವನ್ನು ಬಿಟ್ಟು, ಪಡುವಣದಲ್ಲಿ ಕ್ವಾರಿ ಮುಂದುವರಿಯಲಿ ಎಂದು ಬರೆದು ಸಾಹೇಬರು ಹೊರಟರು. ಹುಲಿಗೆವ್ವನ ಹಿರಿಯ ಮಗನನ್ನು ಮೇಸ್ತ್ರಿ ಎಂಟು ದಿನ ಕೆಲಸಕ್ಕೆ ಸೇರಿಸಲಿಲ್ಲ. ಅವನಷ್ಟು ಚೆನ್ನಾಗಿ ಕಲ್ಲಿನ ಎಳೆ ಹಿಡಿದು ಸೀಳುವವನು ಸಿಗದೆ ಒಂಬತ್ತನೆಯ ದಿನ ತಾನೇ ಕರೆಸಿಕೊಂಡ. ನನ್ನ ಬಳಿ ರವಿಕೆ ಹೊಲಿಸುತ್ತಿದ್ದ ಐದಾರು ಮನೆಯವರು ಬೇರೆ ಊರಿನ ಟೇಲರನ ಹತ್ತಿರ ಹೋದರು. ಕಲ್ಲು ಒಡೆಯುವವರ ಓಣಿಯವರು ನನ್ನಲ್ಲಿಗೆ ಬರತೊಡಗಿದರು. ಅವರ ತೋಳಿನ ಅಳತೆ ದೊಡ್ಡದು, ನನ್ನ ಹಳೆಯ ಮಾದರಿ ಕಾಗದಗಳು ಒಂದೂ ಹೊಂದಲಿಲ್ಲ, ಹೊಸದಾಗಿ ಕತ್ತರಿಸಿಕೊಂಡೆ. ಫಾರಂನ ಕೊನೆಯ ಕಾಲಂ ಅನ್ನು ಹುಲಿಗೆವ್ವ ಹೇಳಿದ ಹಾಗೆ ತುಂಬಿದೆ. ತನ್ನೊಬ್ಬಳ ಹೆಸರು ಬೇಡವೆಂದಳು. ಅವಳ ಅತ್ತೆ, ಅವಳ ಅತ್ತೆಯ ಅತ್ತೆ, ಈಗಿನ ಸೊಸೆ, ಎಲ್ಲ ಸೇರಿ ಏಳು ಹೆಸರಾದವು. ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೋದೆ. ಮೇಡಂ ಅದನ್ನು ಹಾಗೆಯೇ ಲಕೋಟೆಗೆ ಹಾಕಿದರು. ಬರುವ ಮಾಗಿಯಲ್ಲಿ ಹೊಳೆಯಾಚೆಯ ಗುಡ್ಡಗಳ ಕೆಲಸವಿದೆ, ಬರುತ್ತೀರಾ ಎಂದು ಕೇಳಿದರು. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೇನೆ.

ಸಭೆಯಾದ ನಾಲ್ಕನೆಯ ದಿನ ಮಾಸ್ತರರು ಗವಿ ನೋಡಬೇಕೆಂದರು. ಎಪ್ಪತ್ತಾರರ ವಯಸ್ಸು, ಬೇಡವೆಂದರೂ ಕೇಳಲಿಲ್ಲ. ಹುಲಿಗೆವ್ವ ಮುಂದೆ, ನಡುವೆ ಅವರು, ಹಿಂದೆ ನಾನು. "ಎಡಗಾಲು ಇಲ್ಲಿ ಇಡ್ರಿ. ಬಲಗಾಲು ಮ್ಯಾಲ. ಅವಸರ ಬ್ಯಾಡ" ಎಂದು ಅವಳು ಹೇಳುತ್ತಿದ್ದಳು, ಅವರು ಒಂದನೆಯ ತರಗತಿಯವರ ಹಾಗೆ ಹೇಳಿದಲ್ಲಿ ಕಾಲಿಡುತ್ತಿದ್ದರು. ಮೇಲೆ ತಲುಪಿದಾಗ ಅವರ ಎದೆ ಏರಿಳಿಯುತ್ತಿತ್ತು. ಹುಲಿಗೆವ್ವ ಗವಿಯೊಳಗೆ ಹೋದಳು. ಮಾಸ್ತರರು ಗವಿಯ ಬಾಯಲ್ಲೇ ನಿಂತರು. ಪಾಳಿ ಪುಸ್ತಕ ಕೆಳಗೆ ಬಿಟ್ಟು ಬಂದಿದ್ದರು, ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ಕಂಡರು.

"ಬರಲೇನವ್ವಾ? ನೋಡಲಾ?"

ಹುಲಿಗೆವ್ವ ಅವರ ಕಡೆ ತಿರುಗಿ ನೋಡಿದಳು. ಅವಳ ಅತ್ತೆಯ ಕಾಲದಿಂದ ನಮ್ಮೂರಿನಲ್ಲಿ ಯಾರೂ ಅವರ ಓಣಿಯವರ ಅಪ್ಪಣೆ ಕೇಳಿರಲಿಲ್ಲ. ಸೆರಗನ್ನು ಸರಿಯಾಗಿ ತಲೆಯ ಮೇಲೆ ಎಳೆದುಕೊಂಡಳು, ಅಷ್ಟು ಹೊತ್ತೂ ಅವರು ಹೊರಗೇ ನಿಂತಿದ್ದರು.

"ನೋಡ್ರಿ ಮಾಸ್ತರ" ಎಂದಳು. "ಮುಟ್ಟಬ್ಯಾಡ್ರಿ."

ಮಾಸ್ತರರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿ ಒಳಗೆ ಬಂದರು.